ಸಹಾಯ ಬೇಕು: ಮಳೆ, ಅಡ್ಡಗಾಳಿಯಲ್ಲಿ ಟೈಮ್ ಟ್ರಯಲ್‌ಗೆ ಯಾವ ಚಕ್ರ?

ಈ ಭಾನುವಾರ 40 ಕಿ.ಮೀ. ಸೈಕಲ್ ಟೈಮ್ ಟ್ರಯಲ್ (ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸುವ ರೇಸ್) ಇದೆ. ಮಳೆ, ಜೊತೆಗೆ ಜೋರು ಅಡ್ಡಗಾಳಿ ಅಂತೆ. ಹೋದ ಸಲ ಇಂಥದ್ದೇ ಹವೆಯಲ್ಲಿ ಏರೋಬಾರ್ (ಮುಂದಕ್ಕೆ ಬಗ್ಗಿ ಮೊಣಕೈ ಊರುವ ಹ್ಯಾಂಡಲ್) ಮೇಲೆ ಬಗ್ಗಿದ್ದಾಗ ಗಾಳಿ ಮುಂದಿನ ಚಕ್ರವನ್ನು ಒಂದಡಿ ಪಕ್ಕಕ್ಕೆ ತಳ್ಳಿತು. ಎದೆ ಝಲ್ಲೆಂದಿತು! ಆಮೇಲೆ ಕೊನೆತನಕ ಕೈ ಬ್ರೇಕ್‌ನಿಂದ ಕದಲಲೇ ಇಲ್ಲ. ಟೈಮ್ ಎಷ್ಟು ಬಂತು ಅಂತ ಮಾತ್ರ ಕೇಳಬೇಡಿ.

ಟೈರ್ ಗಾಳಿಯನ್ನು 90ರಿಂದ 80 ಪಿಎಸ್‌ಐಗೆ ಇಳಿಸಿ ನೋಡಿದೆ, ಒದ್ದೆ ತಿರುವಿನಲ್ಲಿ ಹಿಡಿತ ಪರವಾಗಿಲ್ಲ. ಹಿಂದಿನ ಚಕ್ರದ್ದು ಅಷ್ಟು ತೊಂದರೆಯಿಲ್ಲ, ಕಾಟ ಕೊಡೋದು ಮುಂದಿನದೇ. ನನ್ನ ಹತ್ತಿರ 60 ಮಿ.ಮೀ. ಆಳದ ರಿಮ್ ಒಂದು, 30ರದ್ದು ಒಂದು ಇದೆ. ರಿಮ್ ಆಳವಿದ್ದಷ್ಟೂ ವೇಗ ಸಿಗುತ್ತೆ, ಆದರೆ ಅಡ್ಡಗಾಳಿಯ ಹೊಡೆತವೂ ಜಾಸ್ತಿ. 30 ಹಾಕಿದರೆ ವೇಗ ಸ್ವಲ್ಪ ಹೋಗಬಹುದು, ಆದರೆ ಧೈರ್ಯವಾಗಿ ಬಗ್ಗಿಕೊಂಡೇ ಜಾಸ್ತಿ ಹೊತ್ತು ತುಳಿಯಬಹುದು ಅಲ್ವಾ? ನನ್ನ ತೂಕ ಬರೀ 58 ಕೆಜಿ, ಗಾಳಿ ಸುಲಭವಾಗಿ ತಳ್ಳುತ್ತೆ.

ಇಂಥ ಗಾಳಿಯಲ್ಲಿ ಓಡಿಸಿದವರು ಹೇಳಿ: ಮುಂದಕ್ಕೆ 60 ಹಾಕಲೋ, 30 ಹಾಕಲೋ?