ಹಿಂದಿನ ಗಾಲಿಯಲ್ಲೇ ಮೋಟಾರ್ ಇರೋ ಸ್ಕೂಟರ್‌ಗೆ ಹೊಸ ಟೈರ್: ಹಾಕಿಸಿದವರು ಸ್ವಲ್ಪ ಹೇಳಿ

ಪ್ರಶ್ನೆ, ಬಳ್ಳಾರಿಯಿಂದ

ಎಲ್ಲರಿಗೂ ನಮಸ್ಕಾರ. ನಾನು ಶಾಲಾ ಶಿಕ್ಷಕಿ. ಬಳ್ಳಾರಿ ಗಾಂಧಿನಗರದಿಂದ ಕುಡತಿನಿಗೆ ದಿನಾ ಎಲೆಕ್ಟ್ರಿಕ್ ಸ್ಕೂಟರ್‌ನಲ್ಲಿ ಹೋಗಿ ಬರುತ್ತೇನೆ. ಎರಡೂ ಕಡೆ ಸೇರಿ 45 ಕಿ.ಮೀ. ಹತ್ತಿರ ಆಗುತ್ತದೆ. ಗಾಡಿ 19 ಸಾವಿರ ಕಿ.ಮೀ. ಓಡಿದೆ. ಹಿಂದಿನ ಟೈರ್ ನಡುವೆ ಬೋಳಾಗಿದೆ. ಮುಂದಿನದು ಇನ್ನೂ ಪರವಾಗಿಲ್ಲ. ಈ ತಿಂಗಳಲ್ಲೇ ಮೂರು ಪಂಕ್ಚರ್.

ಎರಡೂ ಟೈರ್ 90/90-12, ಟ್ಯೂಬ್‌ಲೆಸ್. ಮೋಟಾರ್ ಹಿಂದಿನ ಗಾಲಿಯ ಒಳಗೇ ಇದೆ, ಹಬ್ ಮೋಟಾರ್ ಅಂತಾರಲ್ಲ ಅದು. ಸರ್ವಿಸ್ ಸೆಂಟರ್‌ನವರು ಎರಡೂ ಬದಲಿಸಿ ಅಂತಾರೆ. ಟೈರ್ ಅಂಗಡಿಯವರು ಒಂದು ಸೈಜ್ ದಪ್ಪದ್ದು ಹಾಕಿಸಿ, ಗ್ರಿಪ್ ಜಾಸ್ತಿ ಅಂತಾರೆ. ನಮ್ಮ ಮನೆಯವರು ಒಳಗೆ ಟ್ಯೂಬ್ ಹಾಕಿಸಿಬಿಡು, ಪಂಕ್ಚರ್ ಕಾಟ ತಪ್ಪುತ್ತದೆ ಅಂತಾರೆ. ಯಾರ ಮಾತು ಕೇಳಲಿ?

ತೋರಣಗಲ್ಲಿಗೆ ಓಡಾಡುವವರ ಉತ್ತರ

ಮೇಡಂ, ನಾನೂ ಅದೇ ರಸ್ತೆಯವನು. ನಿಮ್ಮ ಕುಡತಿನಿ ದಾಟಿ ತೋರಣಗಲ್ಲಿಗೆ ಹೋಗುತ್ತೇನೆ. ನನ್ನದೂ ಹಬ್ ಮೋಟಾರ್ ಗಾಡಿ, ಅದೇ ಅಳತೆಯ ಟೈರ್. ಹಿಂದಿನದನ್ನು ಇಲ್ಲಿಯವರೆಗೆ ಎರಡು ಸಲ ಬದಲಿಸಿದ್ದೇನೆ.

ಯಾವ ಕಂಪನಿ ಅನ್ನೋದು ಆಮೇಲೆ. ಮೊದಲು ಗಾಲಿ ಯಾರು ಬಿಚ್ಚುತ್ತಾರೆ ಅಂತ ಗಟ್ಟಿ ಮಾಡಿಕೊಳ್ಳಿ. ಟೈರ್ ಕೊಳ್ಳೋದು ಅದಾದ ಮೇಲೆ.

ಮೊದಲ ಸಲ ನಾನು ಟೈರ್ ಕೊಂಡು ಸೀದಾ ಒಂದು ಪಂಕ್ಚರ್ ಅಂಗಡಿಗೆ ಹೋದೆ. ಪೆಟ್ರೋಲ್ ಸ್ಕೂಟರ್ ಗಾಲಿಯನ್ನು ಕಣ್ಣು ಮುಚ್ಚಿ ಬಿಚ್ಚುವ ಮನುಷ್ಯ ಅವನು. ‘ಇದೇನ್ ದೊಡ್ಡ ಕೆಲಸ ಸರ, ಎರಡು ನಟ್ ಅಷ್ಟೇ’ ಅಂದ. ನಟ್ ಎರಡೇ, ಅದು ನಿಜ. ಆದರೆ ಮೋಟಾರಿನ ವೈರ್ ಆಕ್ಸಲ್ ಒಳಗಿಂದ ಹೊರಗೆ ಬರುತ್ತದೆ ಅನ್ನೋದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನಟ್ ಸಡಿಲಾಗಿದ್ದೇ ತಡ, ಗಾಲಿ ದೊಪ್ಪನೆ ಕೆಳಗೆ ಕೂತಿತು. ಅಷ್ಟೂ ಭಾರ ವೈರ್ ಮೇಲೆ ಬಿತ್ತು. ಮೂರನೇ ದಿನ ಗಾಡಿ ಹೊರಡುವಾಗ ಗಡಗಡ ಅಂತ ಜಗ್ಗೋಕೆ ಶುರುವಾಯಿತು. ಬಿಚ್ಚಿ ನೋಡಿದರೆ ಹಾಲ್ ಸೆನ್ಸರ್‌ನ ಸಣ್ಣ ವೈರ್ ಒಂದು ಹರಿದಿತ್ತು. ಮೋಟಾರ್ ಎಷ್ಟು ತಿರುಗಿದೆ ಅಂತ, ಅದಕ್ಕೆ ಕರೆಂಟ್ ಬಿಡುವ ಕಂಟ್ರೋಲರ್‌ಗೆ ತಿಳಿಸೋದೇ ಆ ಸೆನ್ಸರ್. ರಿಪೇರಿಗೆ ಟೈರ್ ಬೆಲೆಯ ಎರಡರಷ್ಟು ಕೊಟ್ಟೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಎರಡನೇ ಸಲ ಎಲೆಕ್ಟ್ರಿಕ್ ಗಾಡಿಗಳನ್ನೇ ರಿಪೇರಿ ಮಾಡುವ ಒಬ್ಬ ಹುಡುಗನ ಹತ್ತಿರ ಹೋದೆ. ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತು ನೋಡಿದೆ. ಮೊದಲು ಬ್ಯಾಟರಿಯ ಮೇನ್ ಸ್ವಿಚ್ ಆಫ್ ಮಾಡಿದ. ಆಕ್ಸಲ್‌ನ ಎರಡೂ ಕಡೆ ಮೊಬೈಲ್‌ನಲ್ಲಿ ಫೋಟೋ ತೆಗೆದ, ಯಾವ ವಾಷರ್ ಆದಮೇಲೆ ಯಾವುದು ಅಂತ ನೆನಪಿಗೆ. ಮೋಟಾರಿನ ಮೂರು ದಪ್ಪ ವೈರ್ ಮತ್ತು ಸೆನ್ಸರ್‌ನ ಕನೆಕ್ಟರ್ ಎಳೆದು ಬೇರೆ ಮಾಡಿದ. ಗಾಲಿ ಕೆಳಗೆ ಮರದ ತುಂಡು ಕೊಟ್ಟ. ಆಮೇಲೇನೇ ನಟ್‌ಗೆ ಪಾನಾ ಹಾಕಿದ್ದು. ಗಾಲಿ ಹೊರಗೆ ಬಂದ ಮೇಲೆ ಗೋಣಿಚೀಲದ ಮೇಲೆ ಮಲಗಿಸಿ, ಸೋಪಿನ ನೀರು ಹಚ್ಚಿ, ಕೈಯಲ್ಲೇ ಲಿವರ್ ಹಾಕಿ ಟೈರ್ ಬಿಡಿಸಿದ. ತಿರುಗಿ ಹಾಕುವಾಗ ಆಕ್ಸಲ್ ತಿರುಗದಂತೆ ಹಿಡಿಯುವ ಹಲ್ಲಿನ ವಾಷರ್ ಅದರ ಕಚ್ಚಿನಲ್ಲೇ ಕೂತಿದೆಯಾ ಅಂತ ಟಾರ್ಚ್ ಬಿಟ್ಟು ನೋಡಿದ. ಅದು ಸರಿಯಾಗಿ ಕೂರದಿದ್ದರೆ ಆಕ್ಸಲ್ಲೇ ತಿರುಗಿ ವೈರ್ ಸುತ್ತಿಕೊಳ್ಳುತ್ತದಂತೆ. ಒಂದೂವರೆ ತಾಸು ಹಿಡಿಯಿತು. ಮಜೂರಿ ಸ್ವಲ್ಪ ಜಾಸ್ತಿನೇ ತೆಗೆದುಕೊಂಡ. ನನಗೆ ಬೇಜಾರಾಗಲಿಲ್ಲ.

ನೀವು ಹೋಗುವ ಕಡೆ ಒಂದೇ ಪ್ರಶ್ನೆ ಕೇಳಿ: ‘ವೈರ್ ಕನೆಕ್ಟರ್ ಎಲ್ಲಿ ಬಿಡಿಸ್ತೀರಿ?’ ತಟ್ಟಂತ ಜಾಗ ತೋರಿಸಿದರೆ ಸರಿ. ‘ಅದೆಲ್ಲಾ ಏನೂ ಬೇಕಾಗಲ್ಲ’ ಅಂದರೆ ಗಾಡಿ ತಿರುಗಿಸಿಕೊಂಡು ಬನ್ನಿ.

ಈಗ ಟ್ಯೂಬ್ ವಿಷಯ. ಇದಕ್ಕೂ ಉತ್ತರ ಅಲ್ಲೇ ಇದೆ. ಟ್ಯೂಬ್‌ಲೆಸ್ ಆದರೆ ಮುಳ್ಳು ಚುಚ್ಚಿದಾಗ ಗಾಲಿ ಬಿಚ್ಚದೆ ಹೊರಗಿಂದಲೇ ರಬ್ಬರ್ ಎಳೆ ತುರುಕಿ ಕಳಿಸುತ್ತಾರೆ. ಹತ್ತು ನಿಮಿಷದ ಕೆಲಸ. ಟ್ಯೂಬ್ ಹಾಕಿದರೆ ಪ್ರತಿ ಪಂಕ್ಚರ್‌ಗೂ ಗಾಲಿ ಬಿಚ್ಚಬೇಕು, ಅಂದರೆ ಪ್ರತಿ ಸಲ ಆ ವೈರ್, ಆ ವಾಷರ್. ಮೇಲಾಗಿ ಟ್ಯೂಬ್‌ಗೆ ಚುಚ್ಚಿದರೆ ಗಾಳಿ ಒಮ್ಮೆಗೇ ಹೋಗುತ್ತದೆ. ಹೈವೇಯಲ್ಲಿ ಅದಿರು ಲಾರಿ ಹಿಂದೆ ಇರುವಾಗ ಹಾಗಾಗೋದು ಬೇಡ. ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ ಹೇಳಿ, ಟ್ಯೂಬ್ ಮಾತ್ರ ಬೇಡ.

ಕಂಪನಿ ಬಗ್ಗೆ ನಾನು ತಲೆ ಕೆಡಿಸಿಕೊಳ್ಳಲ್ಲ. ಎಂಆರ್‌ಎಫ್, ಸಿಯಟ್, ಟಿವಿಎಸ್ ಯೂರೋಗ್ರಿಪ್ ಎಲ್ಲದರಲ್ಲೂ ಈ ಅಳತೆ ಸಿಗುತ್ತದೆ. ಎಲೆಕ್ಟ್ರಿಕ್ ಗಾಡಿಗೆ ಅಂತಲೇ ಮಾಡಿದ ಟೈರ್‌ಗಳೂ ಬಂದಿವೆ, ಸಿಯಟ್‌ನ ಎನರ್ಜಿರೈಡ್ ತರದವು. ಸಿಕ್ಕರೆ ಒಳ್ಳೆಯದು, ಸಿಗಲಿಲ್ಲ ಅಂತ ಕಾಯಬೇಡಿ. ನೋಡಬೇಕಾದ್ದು ಅಳತೆಯ ಪಕ್ಕದ ಸಂಖ್ಯೆ ಮತ್ತು ಅಕ್ಷರ. 54ಜೆ ಅಂತಿದ್ದರೆ 54 ಅನ್ನೋದು 212 ಕೆ.ಜಿ. ಭಾರ, ಜೆ ಅನ್ನೋದು ಗಂಟೆಗೆ 100 ಕಿ.ಮೀ. ವೇಗ. ಬ್ಯಾಟರಿ ಗಾಡಿ ಭಾರ ಜಾಸ್ತಿ. ಹಾಗಾಗಿ ಈಗಿರುವ ಟೈರ್ ಮೇಲಿನ ಸಂಖ್ಯೆಗಿಂತ ಕಡಿಮೆಯದ್ದು ಹಾಕಬೇಡಿ. ಐಎಸ್‌ಐ ಗುರುತೂ ಇರಬೇಕು.

ರಾಯಚೂರಿನಿಂದ

ಅಕ್ಕಾ, ಅಣ್ಣಾವ್ರು ಹೇಳಿದ್ದೆಲ್ಲಾ ಸರಿ. ಒಂದು ಬಿಟ್ಟಿದ್ದಾರೆ, ತಾರೀಖು. ಟೈರ್ ಪಕ್ಕದಲ್ಲಿ ಉದ್ದುದ್ದ ಮೊಟ್ಟೆಯಾಕಾರದ ಅಚ್ಚಿನೊಳಗೆ ನಾಲ್ಕು ಅಂಕಿ ಇರುತ್ತವೆ. ಮೊದಲಿನ ಎರಡು ವಾರ, ಕೊನೆಯ ಎರಡು ವರ್ಷ. 2322 ಅಂದರೆ 2022ನೇ ಇಸವಿಯ 23ನೇ ವಾರ. ನನಗೆ ಒಂದು ಅಂಗಡಿಯಲ್ಲಿ ‘ಹೊಚ್ಚ ಹೊಸದು’ ಅಂತ ಕೊಟ್ಟಿದ್ದು ಮೂರು ವರ್ಷದ ಹಿಂದಿನದು. ತಗಡಿನ ಶೆಡ್‌ನಲ್ಲಿ, ನಮ್ಮ ರಾಯಚೂರು ಬಿಸಿಲಲ್ಲಿ, ಮೂರು ಬೇಸಿಗೆ ಬೆಂದಿದ್ದ ರಬ್ಬರ್. ಹಾಕಿಸಿ ಎಂಟು ತಿಂಗಳಿಗೆ ಪಕ್ಕದಲ್ಲೆಲ್ಲಾ ಸಣ್ಣ ಸಣ್ಣ ಬಿರುಕು. ಈಗ ಅಂಗಡಿಗೆ ಹೋದರೆ ರೇಟಿಗಿಂತ ಮೊದಲು ಬಗ್ಗಿ ಅಂಕಿ ಓದುತ್ತೇನೆ. ಆರು ತಿಂಗಳೊಳಗಿನದು ಸಿಕ್ಕರೆ ಖುಷಿ, ವರ್ಷ ದಾಟಿದ್ದು ಬೇಡ.

ಹಾಗೇ ರೇಟು. 2025ರ ಸೆಪ್ಟೆಂಬರ್ 22ರಿಂದ ಟೈರ್ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಯಾರಾದರೂ ಹಳೆ ರೇಟೇ ಹೇಳಿದರೆ ಬಿಲ್ ಕೇಳಿ.

ಮುಳ್ಳಿನ ಬಗ್ಗೆ ಏನು ಹೇಳೋದು. ಬಳ್ಳಾರಿ ಜಾಲಿ ಅಂತ ಹೆಸರು ನಿಮ್ಮೂರಿನದು, ಚುಚ್ಚೋದು ಮಾತ್ರ ನಮಗೂ ಸಮ. ರಸ್ತೆ ಬದಿಯ ಜಾಲಿ ಕಡಿದು ಸಾಗಿಸಿದ ವಾರ ಪಂಕ್ಚರ್ ಅಂಗಡಿಯವರಿಗೆ ಹಬ್ಬ. ಟೈರ್ ಸವೆದು ರಬ್ಬರ್ ತೆಳ್ಳಗಾದಾಗ ಆ ಮುಳ್ಳು ಸಲೀಸಾಗಿ ಒಳಗೆ ಇಳಿಯುತ್ತದೆ. ನಿಮ್ಮ ಮೂರು ಪಂಕ್ಚರ್‌ಗೆ ಅದೇ ಕಾರಣ ಇರಬಹುದು. ಹೊಸ ಟೈರ್ ಹಾಕಿದ ಮೇಲೆ ನಾನು ಒಳಗೆ ಸೀಲಂಟ್ ಹಾಕಿಸಿದೆ, ಆ ಹಸಿರು ಅಂಟು. ಸಣ್ಣ ಮುಳ್ಳಿಗೆ ಕೆಲಸ ಮಾಡುತ್ತದೆ. ಮೊಳೆ ಸೀಳಿದರೆ, ಪಕ್ಕದ ಗೋಡೆಗೆ ಚುಚ್ಚಿದರೆ ಏನೂ ಉಪಯೋಗ ಇಲ್ಲ. ಮುಂದಿನ ಸಲ ಟೈರ್ ಬಿಚ್ಚುವವನು ಕೈಯೆಲ್ಲಾ ಅಂಟಾಗಿ ಬೈಯುತ್ತಾನೆ, ಅದಕ್ಕೆ ರೆಡಿ ಇರಿ.

ಕೊಪ್ಪಳದಿಂದ

ದಪ್ಪದ ಟೈರ್ ಹಾಕಿಸಿ ಅನುಭವಿಸಿದವನು ನಾನು. ನನ್ನದು ಮೋಟಾರಿನಿಂದ ಬೆಲ್ಟ್ ಹಾಕಿ ಗಾಲಿ ತಿರುಗಿಸುವ ಗಾಡಿ, ಹಬ್ ಮೋಟಾರ್ ಅಲ್ಲ. ಆದರೆ ಟೈರ್ ಅಳತೆ ನಿಮ್ಮದೇ. ಗಿಣಿಗೇರಿ ಕಡೆ ಕೆಲಸಕ್ಕೆ ಹೋಗುತ್ತೇನೆ. ಅಂಗಡಿಯವನ ಮಾತು ಕೇಳಿ ಹಿಂದೆ 100/90-12 ಹಾಕಿಸಿದೆ. ನೋಡೋಕೆ ಗಾಡಿ ಭರ್ಜರಿ ಕಾಣುತ್ತಿತ್ತು.

ಮೊದಲ ಮಳೆಗೆ ಗೊತ್ತಾಯಿತು. ಎರೆ ಮಣ್ಣು ಮಡ್‌ಗಾರ್ಡ್‌ಗೂ ಟೈರ್‌ಗೂ ನಡುವೆ ಕಚ್ಚಿಕೊಂಡು ಗಾಲಿ ತಿರುಗಲೇ ಇಲ್ಲ. ರಸ್ತೆ ಬದಿಯಲ್ಲಿ ನಿಂತು ಕಟ್ಟಿಗೆ ತುಂಡಿನಿಂದ ಕೆತ್ತಿದೆ. ಮನೆಗೆ ಬಂದು ಲೆಕ್ಕ ಹಾಕಿದೆ. 90/90-12 ಅಂದರೆ ಅಗಲ 90 ಮಿ.ಮೀ., ಎತ್ತರ ಅದರ ಶೇ 90, ಅಂದರೆ 81. 100/90 ಆದರೆ ಎತ್ತರ 90. ಮೇಲೆ ಕೆಳಗೆ ಸೇರಿ ಗಾಲಿ 18 ಮಿ.ಮೀ. ದೊಡ್ಡದಾಯಿತು, ಹೆಚ್ಚು ಕಡಿಮೆ ಶೇ 4. ಮೀಟರ್ 50 ತೋರಿಸಿದರೆ ನಿಜವಾಗಿ 52ರಲ್ಲಿ ಹೋಗುತ್ತಿದ್ದೆ. ಒಂದು ಚಾರ್ಜ್‌ಗೆ ಮೀಟರ್‌ನಲ್ಲಿ 92 ಕಿ.ಮೀ. ಬರುತ್ತಿದ್ದದ್ದು 84ಕ್ಕೆ ಇಳಿಯಿತು. ಮೀಟರ್ ಕಡಿಮೆ ಓದುತ್ತದಲ್ಲ, ಅದನ್ನು ಸೇರಿಸಿದರೆ ನಿಜವಾಗಿ 87. ಆದರೂ ಐದು ಕಿ.ಮೀ. ಹೋಯಿತಲ್ಲ! ನಾಲ್ಕು ತಿಂಗಳಿಗೆ ಹಳೆ ಸೈಜ್‌ಗೇ ವಾಪಸ್ ಬಂದೆ. ಕಂಪನಿ ಕೊಟ್ಟ ಅಳತೆ ಬಿಡಬೇಡಿ.

ಮತ್ತೆ ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಹಿಂದಿನದು ಒಂದನ್ನೇ ಬದಲಿಸಿದರೆ ನಡೆಯುತ್ತದಾ? ಮತ್ತೆ ನಡುವೆ ಮಾತ್ರ ಯಾಕೆ ಸವೆಯಿತು? ಬೇಸಿಗೆಯಲ್ಲಿ ಗಾಳಿ ಕಡಿಮೆ ಹಾಕಿಸಬೇಕು ಅಂತಾರಲ್ಲ, ಅದು ನಿಜಾನಾ?

ತೋರಣಗಲ್ಲಿಗೆ ಓಡಾಡುವವರು

ಹಿಂದಿನದು ಒಂದೇ ಸಾಕು ಮೇಡಂ. ನಮ್ಮ ಗಾಡಿಗಳಲ್ಲಿ ಎಳೆಯೋದೂ ಹಿಂದಿನ ಗಾಲಿ, ಆಕ್ಸಿಲರೇಟರ್ ಬಿಟ್ಟಾಗ ಕರೆಂಟ್ ವಾಪಸ್ ಮಾಡುತ್ತಾ ತಡೆಯೋದೂ ಅದೇ. ಹಾಗಾಗಿ ಅದೇ ಮೊದಲು ಸವೆಯುತ್ತದೆ. ಮುಂದಿನ ಟೈರ್‌ನ ಮೇಲಿನ ಸಂದುಗಳ ನಡುವೆ ಸಣ್ಣ ಉಬ್ಬು ಇರುತ್ತದೆ, ಪಕ್ಕದಲ್ಲಿ ಟಿಡಬ್ಲ್ಯುಐ ಅಂತ ಗುರುತಿರುತ್ತದೆ. ರಬ್ಬರ್ ಆ ಉಬ್ಬಿನ ಮಟ್ಟಕ್ಕೆ ಬರುವವರೆಗೆ ಓಡಿಸಬಹುದು, ಬಿರುಕು ಇಲ್ಲದಿದ್ದರೆ.

ನಡುವೆ ಸವೆಯೋದು ಎರಡು ಕಾರಣಕ್ಕೆ. ಒಂದು, ನಮ್ಮ ಹೈವೇ ಗೆರೆ ಎಳೆದ ಹಾಗೆ ನೇರ. ಇನ್ನೊಂದು, ಗಾಳಿ ಜಾಸ್ತಿ. ಬಂಕ್‌ನ ಹುಡುಗ 40 ಹೊಡೆದು ಕಳಿಸುತ್ತಿರಬಹುದು. ಬೇಸಿಗೆಗೆ ಕಡಿಮೆ ಅನ್ನೋದು ತಪ್ಪು. ಗಾಳಿ ಕಡಿಮೆಯಾದರೆ ಟೈರ್ ಜಾಸ್ತಿ ಮಡಚುತ್ತದೆ, ಇನ್ನೂ ಬಿಸಿಯಾಗುತ್ತದೆ, ಬ್ಯಾಟರಿಯನ್ನೂ ತಿನ್ನುತ್ತದೆ. ಗಾಡಿಯ ಮೇಲಿನ ಸ್ಟಿಕ್ಕರ್‌ನಲ್ಲಿ ಎಷ್ಟಿದೆಯೋ ಅಷ್ಟೇ, ಬೆಳಿಗ್ಗೆ ಟೈರ್ ತಣ್ಣಗಿರುವಾಗ ಹಾಕಿಸಿ. ಓಡಿಸಿ ಬಂದು ಮಧ್ಯಾಹ್ನ ನೋಡಿದರೆ ನಾಲ್ಕೈದು ಜಾಸ್ತಿ ತೋರಿಸುತ್ತದೆ. ಅದನ್ನು ನೋಡಿ ಬಿಡಿಸಬೇಡಿ.

ಕೌಲ್ ಬಜಾರ್‌ನಿಂದ, ಪಂಕ್ಚರ್ ಅಂಗಡಿಯವನು

ಒಂದೇ ಮಾತು ಮೇಡಂ. ಟೈರ್ ಜೊತೆ ವಾಲ್ವ್ ಕೂಡ ಹೊಸದು ಹಾಕಿಸಿ. ಹೆಚ್ಚು ದುಡ್ಡಿನದಲ್ಲ. ಅದರ ಬುಡದ ರಬ್ಬರ್ ಬಿಸಿಲಿಗೆ ಬಿರಿಯುತ್ತದೆ. ಎಷ್ಟೋ ಜನ ಪಂಕ್ಚರ್ ಅಂತ ಬರುತ್ತಾರೆ, ಸೋಪಿನ ನೀರು ಬಿಟ್ಟರೆ ಗುಳ್ಳೆ ಬರೋದು ವಾಲ್ವ್ ಹತ್ತಿರ. ಟೈರ್ ಮೇಲೆ ಬಾಣದ ಗುರುತಿದ್ದರೆ ಗಾಲಿ ತಿರುಗುವ ಕಡೆಗೇ ಇರಬೇಕು. ಹೊಸ ಟೈರ್ ಜಾರುತ್ತದೆ, ಮೊದಲ ನೂರು ಕಿ.ಮೀ. ತಿರುವಿನಲ್ಲಿ ಹುಷಾರು. ಹಬ್ ಮೋಟಾರ್ ಗಾಲಿ ನಾನೂ ಬಿಚ್ಚಲ್ಲ, ಹೇಳಿ ಕಳಿಸುತ್ತೇನೆ.

ಎರಡು ವಾರದ ಮೇಲೆ, ಪ್ರಶ್ನೆ ಕೇಳಿದವರು

ಭಾನುವಾರ ಹಾಕಿಸಿದೆ. ಅದೇ 90/90-12, ಟ್ಯೂಬ್ ಇಲ್ಲ, ಹಿಂದಿನದು ಮಾತ್ರ. ಎರಡು ಅಂಗಡಿಯಲ್ಲಿ ‘ಕನೆಕ್ಟರ್ ಎಲ್ಲಿ’ ಅಂತ ಕೇಳಿದೆ. ಒಬ್ಬರು ನಕ್ಕರು. ಇನ್ನೊಬ್ಬರು ಸೀಟ್ ಎತ್ತಿ ಬೆರಳಿಟ್ಟು ತೋರಿಸಿದರು, ಅವರಿಗೇ ಕೊಟ್ಟೆ. ಬಿಚ್ಚಿದ ಟೈರ್‌ನ ಒಳಗೆ ಹಳೆ ಬಟ್ಟೆ ಆಡಿಸಿದಾಗ ನಾಲ್ಕು ಕಡೆ ಸಿಕ್ಕಿಕೊಂಡಿತು, ನಾಲ್ಕೂ ಮುರಿದ ಜಾಲಿ ಮುಳ್ಳು. ಬೆಳಿಗ್ಗೆ ಮನೆಯಲ್ಲೇ ಗಾಳಿ ನೋಡೋಕೆ ಸಣ್ಣ ಗೇಜ್ ಒಂದು ತರಿಸಿದ್ದೇನೆ. ಮೊದಲ ದಿನ ಮುಂದಿನ ಟೈರ್ ನೋಡಿದರೆ 41 ಇತ್ತು. ಬಂಕ್ ಹುಡುಗನನ್ನು ಇನ್ನೂ ವಿಚಾರಿಸಿಲ್ಲ.