ಒಂದೂವರೆ ವರ್ಷದ ಮಗು, ಮೈಸೂರು ಶೈಲಿಯ ಚಿತ್ರದ ಆರ್ಡರ್‌ಗಳು: ಕೆಲಸ ಹೇಗೆ ಹಂಚಿಕೊಳ್ಳಲಿ?

ಹೊನ್ನರೇಕು:
ಎಲ್ಲರಿಗೂ ನಮಸ್ಕಾರ. ಮೈಸೂರು ಸಾಂಪ್ರದಾಯಿಕ ಶೈಲಿಯ ಚಿತ್ರಗಳನ್ನು ಮನೆಯಲ್ಲೇ ಮಾಡಿ ಮಾರುತ್ತೇನೆ. ಹೆಚ್ಚಿನವು 10×12 ಇಂಚಿನವು, ಲಕ್ಷ್ಮಿ, ಸರಸ್ವತಿ, ಕೃಷ್ಣ. ಒಂದಕ್ಕೆ ಸುಮಾರು 24 ಗಂಟೆ ಕೆಲಸ. ಮಗಳಿಗೆ ಒಂದೂವರೆ ವರ್ಷ, ಮಧ್ಯಾಹ್ನ ಒಂದೂವರೆ ಗಂಟೆ ಮಲಗುತ್ತಾಳೆ, ಕೆಲವು ದಿನ ನಲವತ್ತೇ ನಿಮಿಷಕ್ಕೆ ಎದ್ದುಬಿಡುತ್ತಾಳೆ. ಭಾನುವಾರ ಬೆಳಿಗ್ಗೆ ಮೂರು ಗಂಟೆ ಮನೆಯವರು ನೋಡಿಕೊಳ್ಳುತ್ತಾರೆ.

ಚಿನ್ನದ ರೇಕು (ತೆಳು ಹಾಳೆ) ಅಂಟಿಸುವಾಗ ಮಗು ಎದ್ದರೆ ಅಂಟು ಒಣಗಿ ಹಾಳಾಗುತ್ತದೆ. ಬಣ್ಣ ಅರ್ಧಕ್ಕೆ ಬಿಟ್ಟರೆ ಮಾರನೇ ದಿನ ಅದೇ ಛಾಯೆ ಬರುವುದಿಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆ ಈಗಲೇ ಕೇಳುವವರಿದ್ದಾರೆ, ಎಷ್ಟು ಒಪ್ಪಿಕೊಳ್ಳಬಹುದು? ರಾತ್ರಿ ಕೂತು ಮಾಡುವುದು ಸರಿಯೇ? ಮಗು ಓಡಾಡುವ ಮನೆಯಲ್ಲಿ ಈ ಸಾಮಾನುಗಳನ್ನು ಹೇಗೆ ಇಟ್ಟುಕೊಳ್ಳಬೇಕು?

ಗೆರೆಬಣ್ಣ:
ಗಂಟೆ ಲೆಕ್ಕಕ್ಕಿಂತ ಮೊದಲು ಒಂದು ಪಟ್ಟಿ ಮಾಡಿ: ಯಾವ ಕೆಲಸವನ್ನು ಕೈಬಿಟ್ಟು ಏಳಬಹುದು, ಯಾವುದನ್ನು ಬಿಡುವ ಹಾಗಿಲ್ಲ. ನಮ್ಮ ಕಲೆಯಲ್ಲಿ ಇದು ತುಂಬ ಸ್ಪಷ್ಟವಾಗಿ ಬೇರೆಯಾಗುತ್ತದೆ.

ಯಾವಾಗ ಬೇಕಾದರೂ ಬಿಡಬಹುದಾದವು: ಬೋರ್ಡಿಗೆ ಕಾಗದ ಅಂಟಿಸಿದ ಮೇಲಿನ ಉಜ್ಜುವಿಕೆ, ಸ್ಕೆಚ್ ಇಳಿಸುವುದು, ಹಿನ್ನೆಲೆಯ ಎಲೆ, ಮರ, ಮಂಟಪದ ಕಂಬ. ಮಗು ಎದ್ದ ಕೂಡಲೇ ಕುಂಚವನ್ನು ನೀರಿಗೆ ಅದ್ದಿ ಏಳಬಹುದು. ಬಿಡಬಾರದವು ಮೂರು: ಗೆಸ್ಸೋ (ರೇಕಿನ ಕೆಳಗೆ ಉಬ್ಬು ಕೊಡುವ ಪುಡಿ-ಅಂಟಿನ ಲೇಪ), ರೇಕು, ಮುಖ. ಇವನ್ನು ಭಾನುವಾರದ ಮೂರು ಗಂಟೆಗೇ ಮೀಸಲಿಡಿ. ಆ ಹೊತ್ತಿನಲ್ಲಿ ಫೋಟೋ ತೆಗೆಯುವುದು, ಗ್ರಾಹಕರಿಗೆ ಉತ್ತರಿಸುವುದು ಬೇಡ.

ರೇಕಿನ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹೆಚ್ಚಿನವರು ಕಿರೀಟ, ಸರ, ಸೆರಗಿನ ಅಂಚು, ಪ್ರಭಾವಳಿ ಎಲ್ಲಕ್ಕೂ ಒಮ್ಮೆಗೇ ಅಂಟು ಸವರುತ್ತಾರೆ. ಪ್ರಭಾವಳಿಗೆ ಬರುವ ಹೊತ್ತಿಗೆ ಅಂಟು ಸತ್ತಿರುತ್ತದೆ. ಒಂದು ಸಲಕ್ಕೆ ಎರಡು ಚದರ ಇಂಚಿಗಿಂತ ಹೆಚ್ಚು ಸವರಬೇಡಿ. ಬೆರಳಿನ ಹಿಂಭಾಗ ಮುಟ್ಟಿಸಿದರೆ ಅಂಟಂಟಾಗಿರಬೇಕು, ಆದರೆ ಅಂಟು ಬೆರಳಿಗೆ ಬರಬಾರದು. ಆಗ ರೇಕು ಇಟ್ಟು ಹತ್ತಿಯಿಂದ ಒತ್ತಿ. ಅದಕ್ಕೂ ಮುಂಚೆ ಒತ್ತಿದರೆ ಅಂಟು ರೇಕಿನ ಮೇಲೆ ಉಕ್ಕಿ ಬಂದು ಚಿನ್ನ ಮಂಕಾಗುತ್ತದೆ, ಅದನ್ನು ಮತ್ತೆ ಹೊಳಪಿಗೆ ತರುವುದಾಗುವುದಿಲ್ಲ. ಹೀಗೆ ತುಂಡುತುಂಡಾಗಿ ಮಾಡಿದರೆ ಮಗು ಎದ್ದರೂ ಹಾಳಾಗುವುದು ಹೆಚ್ಚೆಂದರೆ ಒಂದು ಬಳೆಯಷ್ಟು ಜಾಗ. ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ಕತ್ತರಿಸಿದ ರೇಕನ್ನು ಬಟರ್ ಪೇಪರ್ ನಡುವೆ ಇಟ್ಟುಕೊಂಡೇ ಶುರು ಮಾಡಿ.

ಬಣ್ಣದ ಛಾಯೆಗೆ: ಸೀರೆಯ ಬಣ್ಣ, ಮೈಬಣ್ಣ ಇವೆರಡನ್ನು ಬೇಕಾದ್ದಕ್ಕಿಂತ ಎರಡರಷ್ಟು ಕಲಸಿ ಬಿಗಿ ಮುಚ್ಚಳದ ಸಣ್ಣ ಡಬ್ಬಿಯಲ್ಲಿಡಿ. ಪೋಸ್ಟರ್ ಬಣ್ಣ ಮೇಲೆ ಎರಡು ಹನಿ ನೀರಿದ್ದರೆ ಹಲವು ದಿನ ಗಟ್ಟಿಯಾಗುವುದಿಲ್ಲ. ಡಬ್ಬಿಯ ಮುಚ್ಚಳಕ್ಕೆ ಅದೇ ಬಣ್ಣ ಬಳಿದ ಕಾಗದದ ಚೂರು ಅಂಟಿಸಿ, ಹೊಸದಾಗಿ ಕಲಸಬೇಕಾದರೆ ಒಣಗಿದ ಆ ಚೂರಿಗೇ ಹೋಲಿಸಿ. ಒದ್ದೆ ಬಣ್ಣವನ್ನು ಒಣಗಿದ ಬಣ್ಣಕ್ಕೆ ಹೋಲಿಸಿದರೆ ಯಾವತ್ತೂ ತಪ್ಪುತ್ತದೆ, ಒಣಗಿದ ಮೇಲೆ ಛಾಯೆ ಬದಲಾಗುತ್ತದೆ.

ಎರಡು ಚಿತ್ರ ಜೊತೆಜೊತೆಗೆ ನಡೆಯಲಿ. ಒಂದರ ಗೆಸ್ಸೋ ಒಣಗುವಾಗ ಇನ್ನೊಂದರ ಹಿನ್ನೆಲೆ. ಮೂರನೆಯದು ಬೇಡ, ಬೋರ್ಡ್ ಇಡುವ ಜಾಗವೇ ತಲೆನೋವಾಗುತ್ತದೆ.

ರಾತ್ರಿ ಕೆಲಸ: ಹಳದಿ ಬೆಳಕಿನಲ್ಲಿ ಬಣ್ಣ ಕಲಸಬೇಡಿ, ನೀಲಿ ಮತ್ತು ಹಸಿರು ಬೆಳಿಗ್ಗೆ ಬೇರೆಯೇ ಕಾಣುತ್ತವೆ. ಕಣ್ಣಿನ ಗೆರೆ, ಹುಬ್ಬು, ತುಟಿ ದಣಿದ ಕೈಯಲ್ಲಿ ಬೇಡವೇ ಬೇಡ. ಸ್ಕೆಚ್, ಪ್ಯಾಕಿಂಗ್, ಲೆಕ್ಕ ಮಾಡಬಹುದು.

ತಿಳಿನೀರು:
ಸಾಮಾನುಗಳ ಬಗ್ಗೆ ನಾನು ಹೇಳುತ್ತೇನೆ, ಇದನ್ನು ದಯವಿಟ್ಟು ಇವತ್ತೇ ನೋಡಿ. ಗೆಸ್ಸೋಗೆ ಯಾವ ಪುಡಿ ಬಳಸುತ್ತಿದ್ದೀರಿ? ಹಳೆಯ ಪದ್ಧತಿಯಲ್ಲಿ ಸೀಸದ ಬಿಳಿ ಪುಡಿ, ರೇವಲಚಿನ್ನಿ ಹಾಲು (ಒಂದು ಮರದ ಹಳದಿ ರಾಳ), ಅಂಟು ಸೇರಿಸುತ್ತಿದ್ದರು. ಅಂಗಡಿಯಲ್ಲಿ ‘ಸಫೇದಾ’ ಎಂದು ಕೇಳಿದರೆ ಸೀಸದ್ದೂ ಆಗಿರಬಹುದು, ಸತುವಿನದ್ದೂ ಆಗಿರಬಹುದು. ಪೊಟ್ಟಣದ ಮೇಲೆ ಜಿಂಕ್ ಆಕ್ಸೈಡ್ ಎಂದು ಬರೆದಿರದಿದ್ದರೆ ಮನೆಗೆ ತರಬೇಡಿ. ನುಂಗಿದ ಸೀಸ ಚಿಕ್ಕ ಮಕ್ಕಳ ಮೈಗೆ ದೊಡ್ಡವರಿಗಿಂತ 4–5 ಪಟ್ಟು ಹೆಚ್ಚು ಸೇರುತ್ತದೆ. ಮೆದುಳಿನ ಬೆಳವಣಿಗೆಗೆ ಆಗುವ ಹಾನಿ ಆಮೇಲೆ ಸರಿಹೋಗುವುದಿಲ್ಲ. ನೆಲ ಮುಟ್ಟಿದ ಕೈಯನ್ನು ಬಾಯಿಗಿಡುವ ವಯಸ್ಸು ಇದು, ಪುಡಿ ತಿನ್ನಲೇಬೇಕೆಂದಿಲ್ಲ, ನೆಲದ ಧೂಳೇ ಸಾಕು.

ಜಿಂಕ್ ಆಕ್ಸೈಡ್ ಅಥವಾ ಸೀಮೆಸುಣ್ಣದ ಪುಡಿಯಿಂದ ಮೈಸೂರು ಶೈಲಿಗೆ ಬೇಕಾದ ತೆಳು ಉಬ್ಬು ಚೆನ್ನಾಗಿಯೇ ಬರುತ್ತದೆ. ಅಂಟಿನ ಹದ ಮಾತ್ರ ಹೊಸದಾಗಿ ಕಂಡುಕೊಳ್ಳಬೇಕು. ಬೇಡದ ಬೋರ್ಡಿನ ಮೇಲೆ ಒಂದು ಗೆರೆ ಎಳೆದು ಒಂದು ದಿನ ಬಿಡಿ. ಉಗುರಿನಿಂದ ಕೆರೆದಾಗ ಪುಡಿ ಉದುರಿದರೆ ಅಂಟು ಕಡಿಮೆ. ಕೂದಲೆಳೆಯ ಬಿರುಕು ಕಂಡರೆ ಅಂಟು ಹೆಚ್ಚಾಗಿದೆ, ಇಲ್ಲವೇ ಒಮ್ಮೆಗೇ ದಪ್ಪ ಹಾಕಿದ್ದೀರಿ. ತೆಳುವಾಗಿ ಎರಡು ಸಲ ಎಳೆಯಿರಿ, ಮೊದಲನೆಯದು ಪೂರ್ತಿ ಒಣಗಿದ ಮೇಲೆ ಎರಡನೆಯದು. ಮಳೆಗಾಲದಲ್ಲಿ ಒಣಗಲು ದುಪ್ಪಟ್ಟು ಹೊತ್ತು ಬಿಡಿ.

ರೇವಲಚಿನ್ನಿ ಹಾಲು ಬಲವಾದ ಭೇದಿಯ ವಸ್ತು, ಸ್ವಲ್ಪವೇ ಮಗುವಿನ ಹೊಟ್ಟೆಗೆ ಹೋದರೂ ಅಪಾಯ. ಹಳದಿ ಬಣ್ಣದ ಹರಿತಾಳದಲ್ಲಿ ಆರ್ಸೆನಿಕ್ ಇದೆ, ಕೆಂಪು ಬಣ್ಣದ ಇಂಗಳೀಕದಲ್ಲಿ ಪಾದರಸ. ಅಪ್ಪಟ ಸಾಂಪ್ರದಾಯಿಕ ಬಣ್ಣವೇ ಬೇಕೆನ್ನುವ ಗ್ರಾಹಕರಿದ್ದರೂ ಮಗು ದೊಡ್ಡವಳಾಗುವವರೆಗೆ ಇವು ಮೂರೂ ಮನೆಯಲ್ಲಿ ಬೇಡ.

ಗೆಸ್ಸೋ ಉಜ್ಜಿದ ಮೇಲೆ ಪೊರಕೆ ಹಾಕಬೇಡಿ, ಧೂಳು ಎದ್ದು ಮನೆಯೆಲ್ಲ ಕೂರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಮಗುವಿನ ಬಟ್ಟೆಯ ಜೊತೆ ಒಗೆಯಬೇಡಿ. ಕೆಲಸಕ್ಕೆಂದೇ ಒಂದು ಹಳೆಯ ನೈಟಿಯೋ ಏಪ್ರನ್ನೋ ಇರಲಿ, ಮಗುವನ್ನು ಎತ್ತಿಕೊಳ್ಳುವ ಮುಂಚೆ ತೆಗೆದಿಟ್ಟು ಮೊಣಕೈವರೆಗೆ ಸೋಪು ಹಾಕಿ ತೊಳೆಯಿರಿ. ಹಾಲುಣಿಸುತ್ತಿದ್ದರೆ ಇದರಲ್ಲಿ ವಿನಾಯಿತಿಯೇ ಇಲ್ಲ. ವಾರ್ನಿಷ್ ಸ್ಪ್ರೇ ಟೆರೇಸಿನಲ್ಲಿ ಮಾತ್ರ, ವಾಸನೆ ಪೂರ್ತಿ ಹೋಗುವವರೆಗೆ ಚಿತ್ರ ಒಳಗೆ ಬರಬಾರದು. ಕಟರ್, ಸಿಲಿಕಾ ಜೆಲ್ ಪೊಟ್ಟಣಗಳು ಚಿಲಕವಿರುವ ಕಪಾಟಿನಲ್ಲಿರಲಿ, ಮೇಜಿನ ಡ್ರಾಯರ್ ಸಾಲದು.

ಲೆಕ್ಕದ ಪುಸ್ತಕ:
ಹಬ್ಬದ ಆರ್ಡರ್ ಲೆಕ್ಕ ನೋಡೋಣ. ವಾರಕ್ಕೆ ಆರು ನಿದ್ದೆ × ಒಂದೂವರೆ ಗಂಟೆ = 9. ಭಾನುವಾರದ 3 ಸೇರಿದರೆ 12. ಫೋಟೋ, ಮೆಸೇಜು, ಕೊರಿಯರ್, ಬೇಗ ಎದ್ದ ದಿನಗಳು ಎಲ್ಲ ಕಳೆದರೆ ಕುಂಚ ಹಿಡಿಯುವುದು 8 ಗಂಟೆ. ಯುಗಾದಿಗೆ ಶುರು ಮಾಡಿದರೆ ವರಮಹಾಲಕ್ಷ್ಮಿಗೆ ಸುಮಾರು 19 ವಾರ, ನಡುವೆ ಅಧಿಕ ಮಾಸ ಬಿದ್ದರೆ ನಾಲ್ಕು ವಾರ ಹೆಚ್ಚು. ಅದರಲ್ಲಿ ನಾಲ್ಕಕ್ಕೊಂದು ವಾರ ಜ್ವರ, ಹಲ್ಲು, ನೆಂಟರು ಎಂದು ಬಿಡಿ. ಉಳಿಯುವುದು 14 ವಾರ, 112 ಗಂಟೆ. 24ರಿಂದ ಭಾಗಿಸಿದರೆ ನಾಲ್ಕು ಚಿತ್ರ, ಮೇಲೆ ಸ್ವಲ್ಪ ಗಂಟೆ. ಹಾಗಾಗಿ ನಾಲ್ಕೇ ಒಪ್ಪಿಕೊಳ್ಳಿ. ಐದನೆಯವರಿಗೆ ದೀಪಾವಳಿಗೆ ಕೊಡುತ್ತೇನೆ ಎನ್ನಿ, ಕಾಯುವವರು ಕಾಯುತ್ತಾರೆ. ಮಿಕ್ಕವರಿಗಾಗಿ 4×6 ಇಂಚಿನ, ರೇಕು ಕಡಿಮೆಯಿರುವ ಚಿಕ್ಕ ಚಿತ್ರಗಳನ್ನು ಬಿಡುವಿನ ತಿಂಗಳಲ್ಲೇ ಮಾಡಿಟ್ಟುಕೊಳ್ಳಬಹುದು.

ಬೆಲೆ: ಗಂಟೆಗೆ 150 ರೂಪಾಯಿ ಹಿಡಿದರೂ ಕೂಲಿ 3,600. ರೇಕು, ಬೋರ್ಡು, ಬಣ್ಣಕ್ಕೆ 1,400 ಎಂದಿಟ್ಟುಕೊಳ್ಳಿ, ಪ್ಯಾಕಿಂಗಿಗೆ 400. ಒಟ್ಟು 5,400. ಹಾಳಾಗುವುದಕ್ಕೆಂದು ಶೇ. 10 ಸೇರಿಸಿದರೆ 5,940, ಅಂದರೆ 6,000. ಫ್ರೇಮು ಬೇರೆ. ಅಂಗಡಿಯವರು ಶೇ. 30 ಕಮಿಷನ್ ಕೇಳಿದರೆ 6,000ಕ್ಕೆ ಶೇ. 30 ಕೂಡಿಸಬೇಡಿ. 7,800ರಲ್ಲಿ ಶೇ. 30 ಹೋದರೆ ಕೈಗೆ ಬರುವುದು 5,460. 6,000ವನ್ನು 0.7ರಿಂದ ಭಾಗಿಸಬೇಕು, ಆಗ 8,570 ಬರುತ್ತದೆ. ತುಂಬ ಜನ ಇಲ್ಲೇ ಕಳೆದುಕೊಳ್ಳುತ್ತಾರೆ.

ಅರ್ಧ ಹಣ ಮುಂಗಡ. ಸ್ಕೆಚ್ ಫೋಟೋ ಕಳಿಸಿ ‘ಸರಿ’ ಎಂದು ಬರಹದಲ್ಲೇ ಪಡೆಯಿರಿ. ಗೆಸ್ಸೋ ಆದ ಮೇಲೆ ಬದಲಾವಣೆ ಇಲ್ಲ ಎಂದು ಮೊದಲೇ ತಿಳಿಸಿ, ಉಬ್ಬು ಕೆರೆದರೆ ಕೆಳಗಿನ ಕಾಗದವೂ ಎದ್ದು ಬರುತ್ತದೆ.

ಜಿಎಸ್‌ಟಿ: ಹೊರ ರಾಜ್ಯಕ್ಕೆ ಮಾರಿದರೆ ಸಾಮಾನ್ಯವಾಗಿ ನೋಂದಣಿ ಬೇಕು. ಆದರೆ ಅಧಿಸೂಚಿತ ಕರಕುಶಲ ವಸ್ತುಗಳಿಗೆ ವಾರ್ಷಿಕ ವಹಿವಾಟು 20 ಲಕ್ಷದವರೆಗೆ ವಿನಾಯಿತಿ ಇದೆ, ಆ ಪಟ್ಟಿಯಲ್ಲಿ ಮೈಸೂರು ಚಿತ್ರದ ಹೆಸರೇ ಇದೆ. ಷರತ್ತು ಎರಡು: ಪ್ಯಾನ್ ಇರಬೇಕು, ಹೊರ ರಾಜ್ಯಕ್ಕೆ ಕಳಿಸುವಾಗ ಬೆಲೆ ಎಷ್ಟೇ ಇರಲಿ ಇ-ವೇ ಬಿಲ್ (ಸರಕು ಸಾಗಣೆಯ ಆನ್‌ಲೈನ್ ಪತ್ರ) ಮಾಡಬೇಕು. ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ ಉಚಿತ, ಹಣ ಕೇಳುವ ಖಾಸಗಿ ಜಾಲತಾಣಗಳಿಗೆ ಹೋಗಬೇಡಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ಸಾಮಾನ್ಯವಾಗಿ ಜನವರಿಯಲ್ಲಿ ನಡೆಯುತ್ತದೆ, ಅರ್ಜಿ ತಿಂಗಳುಗಟ್ಟಲೆ ಮುಂಚೆ ಹಾಕಬೇಕು. ಇಡೀ ದಿನ ರಸ್ತೆಬದಿಯ ಮಳಿಗೆ ಅದು, ಮಗುವನ್ನು ನೋಡಿಕೊಳ್ಳಲು ಒಬ್ಬರು ಸಿಕ್ಕಿದರೆ ಮಾತ್ರ ಒಪ್ಪಿಕೊಳ್ಳಿ.

ಹೊನ್ನರೇಕು:
ತುಂಬಾ ಧನ್ಯವಾದಗಳು. ಪುಡಿಯ ಪೊಟ್ಟಣದ ಮೇಲೆ ಸಫೇದಾ ಎಂದಷ್ಟೇ ಇದೆ. ಹಾಗೇ ಕಸಕ್ಕೆ ಹಾಕಬಹುದೇ? ಇನ್ನೊಂದು, ಕೊರಿಯರಿನಲ್ಲಿ ಕಳಿಸಿದ ರೇಕಿನ ಮೇಲೆ ದುಂಡು ದುಂಡು ಗುರುತು ಬಿದ್ದಿತ್ತು, ಯಾಕೆ?

ತಿಳಿನೀರು:
ಸಿಂಕಿಗೆ ಸುರಿಯಬೇಡಿ. ತೆರೆಯದೆ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ‘ಸೀಸವಿರಬಹುದು’ ಎಂದು ಬರೆದು, ಪೌರಕಾರ್ಮಿಕರಿಗೆ ಹೇಳಿ ಅಪಾಯಕಾರಿ ಕಸ ಎಂದೇ ಬೇರೆ ಕೊಡಿ. ಕೆಲಸದ ಜಾಗದ ನೆಲ, ಕಿಟಕಿ ಅಂಚು, ಮೇಜಿನ ಕಾಲುಗಳನ್ನು ಸೋಪುನೀರಿನಲ್ಲಿ ಎರಡು ಸಲ ಒರೆಸಿ. ಎಷ್ಟೋ ದಿನ ಬಳಸಿದ್ದರೆ ಮಕ್ಕಳ ವೈದ್ಯರಿಗೆ ತಿಳಿಸಿ ಮಗುವಿನ ರಕ್ತದ ಸೀಸದ ಪರೀಕ್ಷೆ ಮಾಡಿಸಿ. ಮೇಲೆ ನೋಡಿದರೆ ಮಗು ಆರೋಗ್ಯವಾಗಿಯೇ ಕಾಣಬಹುದು, ರಕ್ತ ಪರೀಕ್ಷೆಯಲ್ಲೇ ಗೊತ್ತಾಗುವುದು.

ಗೆರೆಬಣ್ಣ:
ಬಬಲ್ ರ‍್ಯಾಪ್ ನೇರವಾಗಿ ತಾಗಿದೆ. ಮೊದಲು ಬಟರ್ ಪೇಪರ್, ಅದರ ಮೇಲೆ ಚಿತ್ರದ ನಾಲ್ಕೂ ಅಂಚಿಗೆ ಮಾತ್ರ ಕಾಲಿಂಚು ದಪ್ಪದ ಥರ್ಮಾಕೋಲ್ ಪಟ್ಟಿ, ಆಗ ಮೇಲಿನ ಹಲಗೆ ಉಬ್ಬಿಗೆ ತಾಗುವುದಿಲ್ಲ. ಎರಡೂ ಬದಿಗೆ ಚಿತ್ರಕ್ಕಿಂತ ಎರಡು ಇಂಚು ದೊಡ್ಡದಾದ ಎಂಡಿಎಫ್ ಹಲಗೆ, ಅದರ ಹೊರಗೆ ಬಬಲ್ ರ‍್ಯಾಪ್. ಸುರುಳಿ ಸುತ್ತಿ ಕಳಿಸಬೇಡಿ, ಗೆಸ್ಸೋ ಸಿಡಿಯುತ್ತದೆ. ಫ್ರೇಮು ಹಾಕಿಯೇ ಬೇಕೆಂದರೆ ಗಾಜಿನ ಬದಲು ಅಕ್ರಿಲಿಕ್ ಹಾಳೆ ಹಾಕಿಸಿ. ಹಾಳೆಗೂ ಚಿತ್ರಕ್ಕೂ ನಡುವೆ ಮೌಂಟ್ (ಅಂಚಿನ ಸುತ್ತ ದಪ್ಪ ರಟ್ಟು) ಇರಬೇಕು, ಇಲ್ಲವಾದರೆ ಮಳೆಗಾಲದ ತೇವಕ್ಕೆ ಬಣ್ಣ ಹಾಳೆಗೇ ಅಂಟಿಕೊಳ್ಳುತ್ತದೆ.