ಅಟ್ಟದಿಂದ ಇಳಿಸಿದ ಕೂಲರ್‌ನಲ್ಲಿ ಡೆಂಗಿ ಇರುತ್ತದಾ? (ಕೀಟತಜ್ಞರನ್ನು ಕೇಳಿ)

ಪ್ರಶ್ನೆ (ರಾಯಚೂರು): ಸರ್, ಜೂನ್‌ನಲ್ಲಿ ಮಳೆ ಬಿದ್ದ ಮೇಲೆ ಕೂಲರ್ ಅಟ್ಟಕ್ಕೆ ಹಾಕಿದ್ದೆವು. ಈಗ ಬಿಸಿಲು ಶುರುವಾಯಿತು ಅಂತ ಇಳಿಸಿ ನೀರು ತುಂಬಿದೆವು. ಮರುದಿನವೇ ತಳದಲ್ಲಿ ಸಣ್ಣ ಸಣ್ಣ ಹುಳ ಕುಣಿಯುತ್ತಿವೆ. ಹೋದ ವರ್ಷ ನಮ್ಮ ಓಣಿಯಲ್ಲಿ ಇಬ್ಬರಿಗೆ ಡೆಂಗಿ ಬಂದಿತ್ತು. ಆ ವೈರಸ್ ಹಳೇ ಮೊಟ್ಟೆಯೊಳಗೆ ಕೂತಿರಬಹುದಾ?

ಕೀಟತಜ್ಞ: ಮರುದಿನವೇ ಅಂದಿರಲ್ಲ, ಅದೇ ಮುಖ್ಯ ಸುಳಿವು. ಹೊಸದಾಗಿ ಇಟ್ಟ ಮೊಟ್ಟೆ ಒಳಗೆ ಬೆಳೆಯುವುದಕ್ಕೇ ಎರಡು ದಿನ ಬೇಕು. ಹಾಗಾಗಿ ನಿಮ್ಮಲ್ಲಿರುವುದು ಹೋದ ಸಲದ ಮೊಟ್ಟೆಗಳೇ. ಡೆಂಗಿ ಹರಡುವ ಈಡಿಸ್ ಸೊಳ್ಳೆ ನೀರಿನ ಮೇಲೆ ಮೊಟ್ಟೆ ಇಡುವುದಿಲ್ಲ. ನೀರಿನ ಗೆರೆಗಿಂತ ಸ್ವಲ್ಪ ಮೇಲೆ, ಒದ್ದೆ ಗೋಡೆಗೆ ಒಂದೊಂದಾಗಿ ಅಂಟಿಸುತ್ತದೆ. ಟಾರ್ಚ್ ಹಾಕಿ ನೋಡಿ, ಮಸಿ ಉದುರಿದಂತೆ ಕಪ್ಪು ಚುಕ್ಕಿ ಕಾಣುತ್ತವೆ. ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ, ನೀರು ತಾಗಿದರೆ ಒಡೆಯುತ್ತವೆ.

ಇನ್ನು ವೈರಸ್. ಹೌದು, ತಾಯಿಯಿಂದ ಮೊಟ್ಟೆಗೆ ದಾಟಬಹುದು. ಆದರೆ ಅಪರೂಪ. ನೂರಾರು, ಕೆಲವೊಮ್ಮೆ ಸಾವಿರಾರು ಮರಿಗಳಲ್ಲಿ ಒಂದಕ್ಕೆ ಇರಬಹುದು ಅಷ್ಟೇ. ಹುಳ ನೋಡಿ ಗಾಬರಿ ಬೀಳಬೇಡಿ, ಹಾಗಂತ ಸುಮ್ನೆ ಬಿಡಲೂ ಬೇಡಿ.

ಪ್ರಶ್ನೆ (ಮಾನ್ವಿ, ಡಿಗ್ರಿ ವಿದ್ಯಾರ್ಥಿನಿ): ಸೊಳ್ಳೆ ಕುಡಿದ ರಕ್ತ ಹೊಟ್ಟೆಗೆ ಹೋಗುತ್ತದೆ ಅಲ್ವಾ? ಮೊಟ್ಟೆಗೆ ವೈರಸ್ ಹೇಗೆ ಹೋಗುತ್ತದೆ?

ಕೀಟತಜ್ಞ: ಒಳ್ಳೆಯ ಪ್ರಶ್ನೆ. ವೈರಸ್ ಮೊದಲು ಕರುಳಿನ ಗೋಡೆಯ ಕೋಶಗಳಲ್ಲಿ ಬೆಳೆಯುತ್ತದೆ. ಅಲ್ಲಿಂದ ದಾಟಿ ಸೊಳ್ಳೆಯ ಮೈಯೊಳಗಿನ ದ್ರವಕ್ಕೆ ಇಳಿಯುತ್ತದೆ. ಆ ದ್ರವದಲ್ಲೇ ಎಲ್ಲ ಅಂಗಗಳೂ ಮುಳುಗಿರುತ್ತವೆ. ಒಂದಷ್ಟು ವೈರಸ್ ಜೊಲ್ಲಿನ ಗ್ರಂಥಿಗೆ ಹೋಗುತ್ತದೆ, ಒಂದಷ್ಟು ಅಂಡಾಶಯಕ್ಕೆ. ಜೊಲ್ಲಿಗೆ ಬರಲು ಸಾಮಾನ್ಯವಾಗಿ 8 ರಿಂದ 12 ದಿನ ಬೇಕು.

ಇಲ್ಲೊಂದು ಸ್ವಾರಸ್ಯ ಇದೆ. ರಕ್ತ ಕುಡಿದ ಮೂರ್ನಾಲ್ಕು ದಿನಕ್ಕೇ ಸೊಳ್ಳೆ ಮೊಟ್ಟೆ ಇಡುತ್ತದೆ. ಅಷ್ಟರಲ್ಲಿ ವೈರಸ್ ಅಂಡಾಶಯ ಮುಟ್ಟಿರುವುದಿಲ್ಲ. ಹಾಗಾಗಿ ರೋಗಿಯ ರಕ್ತದಿಂದ ಬಲಿತ ಮೊದಲ ಕಂತಿನ ಮೊಟ್ಟೆಗಳು ಬಹುಮಟ್ಟಿಗೆ ಶುದ್ಧ. ಸೊಳ್ಳೆ ಬದುಕುಳಿದು ಎರಡನೇ, ಮೂರನೇ ಕಂತು ಇಟ್ಟರೆ ಅಪಾಯ ಜಾಸ್ತಿ. ಇನ್ನೊಂದು ದಾರಿಯೂ ಇದೆ. ಮೊಟ್ಟೆ ಹೊರಬರುವಾಗ, ಗಂಡಿನ ವೀರ್ಯ ಒಳಹೋಗುವ ಸಣ್ಣ ರಂಧ್ರದಿಂದಲೇ ವೈರಸ್ ನುಸುಳಬಹುದು. ಹೇಗೇ ಸೇರಿದರೂ ಹುಳ, ಪ್ಯೂಪಾ (ಹುಳ ಸೊಳ್ಳೆಯಾಗುವ ಮುಂಚಿನ ಹಂತ), ರೆಕ್ಕೆಯ ಸೊಳ್ಳೆ, ಎಲ್ಲ ಹಂತದಲ್ಲೂ ಜೊತೆಗೇ ಇರುತ್ತದೆ. ಅಂಥ ಹೆಣ್ಣು ಯಾವ ರೋಗಿಯನ್ನೂ ಕಚ್ಚದೆಯೇ ಸೋಂಕು ಹೊತ್ತಿರುತ್ತದೆ.

ಪ್ರಶ್ನೆ (ಅದೇ ವಿದ್ಯಾರ್ಥಿನಿ): ತಾಯಿಯಿಂದಲೇ ಬಂತು ಅಂತ ಗೊತ್ತಾಗುವುದು ಹೇಗೆ ಸರ್? ಎಲ್ಲೋ ಕಚ್ಚಿ ತಂದಿರಬಹುದಲ್ಲ?

ಕೀಟತಜ್ಞ: ಗಂಡು ಸೊಳ್ಳೆ ಹಿಡಿದು ನೋಡುತ್ತಾರೆ! ಗಂಡು ಕಚ್ಚುವುದಿಲ್ಲ, ಹೂವಿನ ರಸ ಕುಡಿದು ಬದುಕುತ್ತದೆ. ಅದರ ಮೈಯಲ್ಲಿ ಡೆಂಗಿ ವೈರಸ್ ಸಿಕ್ಕರೆ ಅದು ತಾಯಿಯ ಕೊಡುಗೆ ಅಂತಲೇ ಲೆಕ್ಕ. ತೊಟ್ಟಿಯಿಂದ ಹುಳ ತಂದು ಲ್ಯಾಬ್‌ನಲ್ಲಿ ಸಾಕಿ ಪರೀಕ್ಷಿಸುವುದೂ ಉಂಟು. 2002ರಲ್ಲಿ ಪ್ರಕಟವಾದ ಭಾರತದ ಒಂದು ಪ್ರಯೋಗದಲ್ಲಿ ಡೆಂಗಿ-3 (ಡೆಂಗಿಯ ಒಂದು ಬಗೆ) ವೈರಸ್ ಈಡಿಸ್‌ನ ಏಳು ತಲೆಮಾರಿನವರೆಗೆ ಮೊಟ್ಟೆಯ ಮೂಲಕವೇ ಸಾಗಿತ್ತು. ಅಮೆರಿಕದಲ್ಲಿ ಸೊಳ್ಳೆಯಿಂದಲೇ ಹರಡುವ ಲಾಕ್ರಾಸ್ ವೈರಸ್ ಇದರಲ್ಲಿ ಇನ್ನೂ ಪಳಗಿದ್ದು. ಚಳಿಗಾಲವನ್ನೆಲ್ಲ ಸೊಳ್ಳೆ ಮೊಟ್ಟೆಯೊಳಗೇ ಕಳೆಯುತ್ತದೆ.

ಡೆಂಗಿ ಹಾಗಲ್ಲ. ಅದು ಉಳಿಯುವುದು ಮುಖ್ಯವಾಗಿ ಮನುಷ್ಯನಿಂದ ಸೊಳ್ಳೆಗೆ, ಸೊಳ್ಳೆಯಿಂದ ಮನುಷ್ಯನಿಗೆ ಓಡಾಡುತ್ತಾ. ಬೆಂಗಳೂರಿಂದ ಜ್ವರ ಹೊತ್ತು ಊರಿಗೆ ಬಂದ ಒಬ್ಬರು ನಿಮ್ಮ ಕೂಲರ್‌ನ ಹಳೇ ಮೊಟ್ಟೆಗಿಂತ ದೊಡ್ಡ ದಾರಿ. ಆದರೆ ಅವರನ್ನು ಕಚ್ಚಿ ಓಣಿಗೆಲ್ಲ ಹಂಚುವ ಸೊಳ್ಳೆ ಹುಟ್ಟುವುದು ಅದೇ ಕೂಲರ್‌ನಲ್ಲಿ.

ಪ್ರಶ್ನೆ (ಸಿಂಧನೂರು): ನಮ್ಮ ಕಡೆ ಕಾಲುವೆ, ಭತ್ತದ ಗದ್ದೆ. ಮೆದುಳು ಜ್ವರದ ಸೊಳ್ಳೆಯೂ ಇದೇನಾ? ಮಲೇರಿಯಾನೂ ಮೊಟ್ಟೆಯಿಂದ ಬರುತ್ತದಾ?

ಕೀಟತಜ್ಞ: ಬೇರೆ. ಗದ್ದೆಯದ್ದು ಕ್ಯುಲೆಕ್ಸ್ ಸೊಳ್ಳೆ. ಅದರ ಮೊಟ್ಟೆ ತೆಪ್ಪದಂತೆ ನೀರಿನ ಮೇಲೆ ತೇಲುತ್ತದೆ, ಒಣಗಿದರೆ ಮುಗಿಯಿತು. ಜಪಾನೀಸ್ ಮೆದುಳು ಜ್ವರದ ವೈರಸ್ ಬೆಳೆಯುವುದು ಹೆಚ್ಚಾಗಿ ಹಂದಿ, ಕೊಕ್ಕರೆಗಳಲ್ಲಿ. ಮಕ್ಕಳಿಗೆ 9 ತಿಂಗಳು ತುಂಬಿದ ಮೇಲೆ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು ಈ ಜ್ವರದ (ಜೆಇ) ಲಸಿಕೆ ಇದೆ. ಹಾಕಿಸಿಲ್ಲದಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ. ಮಲೇರಿಯಾ ಪರಾವಲಂಬಿ ಮೊಟ್ಟೆಗೆ ದಾಟುವುದಿಲ್ಲ.

ಪ್ರಶ್ನೆ (ರಾಯಚೂರು, ಮೊದಲು ಕೇಳಿದವರು): ಹಾಗಾದರೆ ನೀರು ಚೆಲ್ಲಿದರೆ ಸಾಕಲ್ಲ?

ಕೀಟತಜ್ಞ: ಹುಳ ಹೋಗುತ್ತದೆ, ಗೋಡೆಗಂಟಿದ ಮೊಟ್ಟೆ ಹೋಗುವುದಿಲ್ಲ. ಒರಟು ಬ್ರಷ್ಷು, ಸೋಪು ಹಿಡಿದು ನಾಲ್ಕೂ ಗೋಡೆ ತಿಕ್ಕಿ. ನೀರಿನ ಗೆರೆ ಕಾಣುವ ಜಾಗದಲ್ಲಿ ಎರಡು ಸಲ. ಹಳೇ ಹುಲ್ಲಿನ ಪ್ಯಾಡ್ ಬಿಸಾಡಿ ಹೊಸದು ಹಾಕಿ, ಕೆಳಗಿನ ಅಂಚಿನಲ್ಲೂ ಮೊಟ್ಟೆ ಇರುತ್ತವೆ. ಆಮೇಲೆ ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ ಒಣಗಿಸಿ. ಹುಳ ಸೊಳ್ಳೆಯಾಗಲು ನಮ್ಮ ಬೇಸಿಗೆಯಲ್ಲಿ ವಾರ, ಹತ್ತು ದಿನ ಸಾಕು. ನಳದ ನೀರು ದಿನಾ ಬಾರದ ಮನೆಗಳಲ್ಲಿ ಡ್ರಮ್ಮು, ಸಿಮೆಂಟ್ ತೊಟ್ಟಿಗೂ ಇದೇ ಲೆಕ್ಕ. ಕೂಲರ್ ಮತ್ತೆ ಅಟ್ಟಕ್ಕೆ ಏರಿಸುವ ಮುಂಚೆ ಇನ್ನೊಮ್ಮೆ ತಿಕ್ಕಿ.

ಪ್ರಶ್ನೆ (ಅವರೇ): ತೊಳೆದ ನೀರು ಚರಂಡಿಗೆ ಬಿಡಲಾ?

ಕೀಟತಜ್ಞ: ಬೇಡ. ಬಿಸಿಲು ಬೀಳುವ ಒಣ ಮಣ್ಣಿಗೆ ಚೆಲ್ಲಿ.